ಕೊಟ್ಟಿಗೆಯ ಖರ್ಚಿನಲ್ಲಿ ಹಿಂಡಿ ಚೀಲಕ್ಕಿಂತ ಮೊದಲು ನೋಡಬೇಕಾದದ್ದು

ಹಿಂಡಿಯ ಬೆಲೆ ಏರಿದಾಗಲೆಲ್ಲ ನಮ್ಮ ಹೊಸನಗರದ ಕಡೆಯ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ದನ ಸಾಕಿ ಪೂರೈಸುವುದಿಲ್ಲ. ಹೀಗೆ ಹೇಳುವವರು ಮೊದಲು ಕೈಹಾಕುವುದು ಹಿಂಡಿಗೇ. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಶೇ. 60ರಿಂದ 70ರಷ್ಟು ಮೇವು ಮತ್ತು ಹಿಂಡಿಗೆ ಹೋಗುವುದರಿಂದ ಅದು ಸಹಜವೂ ಹೌದು. ಆದರೆ ಅಡಿಕೆ ತೋಟದ ಜೊತೆಗೆ ನಾಲ್ಕಾರು ಮಿಶ್ರತಳಿ ಹಸುಗಳನ್ನೂ ಮಲೆನಾಡು ಗಿಡ್ಡ ಎಂಬ ಸಣ್ಣ ನಾಟಿ ತಳಿಯ ಒಂದೆರಡು ದನಗಳನ್ನೂ ಇಟ್ಟುಕೊಂಡಿರುವ ನಮ್ಮಂಥ ಮನೆಯ ಲೆಕ್ಕವನ್ನು ಬಿಡಿಸಿ ನೋಡಿದರೆ, ಕರೆಯುವ ಹಸುವಿನ ಹಿಂಡಿಯಲ್ಲಿ ಉಳಿಸಿದ್ದು ಉಳಿತಾಯವೇ ಅಲ್ಲ. ಹಾಲೂ ಇಲ್ಲದೆ, ಗಬ್ಬವೂ ಇಲ್ಲದೆ ಹಸು ಗೊಂತಿನಲ್ಲಿ ನಿಂತ ದಿನಗಳೇ ಕೊಟ್ಟಿಗೆಯ ದೊಡ್ಡ ಖರ್ಚು. ಆ ಖರ್ಚಿಗೆ ಯಾವ ಅಂಗಡಿಯವರೂ ಚೀಟಿ ಬರೆದು ಕೊಡುವುದಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕರು ಹಾಕಿದ ಮೊದಲ ಎರಡು ತಿಂಗಳೊಳಗೆ ಹಸು ತನ್ನ ಹಾಲಿನ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಆ ಮಟ್ಟದಲ್ಲಿ ದಿನಕ್ಕೆ 1 ಲೀಟರ್ ಕಡಿಮೆಯಾದರೆ ಆ ಸೂಲಿನ ಒಟ್ಟು ಹಾಲಿನಲ್ಲಿ ಸುಮಾರು 200 ಲೀಟರ್ ಖೋತಾ ಆಗುತ್ತದೆಂಬುದು ಪಶು ಆಹಾರ ಬಲ್ಲವರ ಅಂದಾಜು. ಈ ಹೊತ್ತಿನಲ್ಲಿ ಹಿಂಡಿ ಹಿಡಿದು ಹಾಕಿದರೆ ಹಸು ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತದೆ, ಆಮೇಲೆ ಬೆದೆಗೆ ಬರುವುದನ್ನು ಮುಂದೂಡುತ್ತದೆ. ಹನ್ನೆರಡು, ಹದಿಮೂರು ತಿಂಗಳಿಗೊಂದು ಕರು ಬರಬೇಕಾದ ಕಡೆ ಹದಿನೆಂಟು ತಿಂಗಳಾಗುವುದು ಹೀಗೆ. ಹಾಲಿಲ್ಲದ ಹಸುವಿನ ಖರ್ಚು, ಕೂಲಿಯೂ ಸೇರಿ, ದಿನಕ್ಕೆ 150 ರೂಪಾಯಿ ಎಂದು ಇಟ್ಟುಕೊಂಡರೂ, ಒಂದು ಬೆದೆ ತಪ್ಪಿತೆಂದರೆ ಮುಂದಿನದಕ್ಕೆ 21 ದಿನ, ಅಂದರೆ 3,150 ರೂಪಾಯಿ ನಷ್ಟ. ಅಷ್ಟು ಹಣವನ್ನು ಹಿಂಡಿ ಕಡಿಮೆ ಮಾಡಿ ಉಳಿಸಲು ಎಷ್ಟು ಕಾಲ ಬೇಕೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಮಿಶ್ರತಳಿ ಹಸುಗಳ ಬೆದೆ ಹನ್ನೆರಡರಿಂದ ಹದಿನೆಂಟು ಗಂಟೆಗಳಷ್ಟೇ ಇರುತ್ತದೆ. ಎಷ್ಟೋ ಸಲ ಹಸು ಕೂಗುವುದೂ ಇಲ್ಲ. ನಮ್ಮ ಮನೆಯಲ್ಲಿ ಇದನ್ನು ಗುರುತಿಸುವವರು ಅಮ್ಮ. ರಾತ್ರಿ ಮಲಗುವ ಮುನ್ನ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ, ಮಲಗಿದ ಹಸುವಿನ ಹಿಂದೆ ಲೋಳೆ ಬಿದ್ದಿದೆಯೇ ಎಂದು ನೋಡಿ ಬರುವುದು ಅವರ ರೂಢಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸಬೇಕೆಂಬ ನಿಯಮವನ್ನು ಮೀರದಿರುವುದು, ಬೆದೆಯ ತಾರೀಖನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುವುದು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ತಪ್ಪಿಸದಿರುವುದು, ಈ ಮೂರಕ್ಕಿಂತ ಅಗ್ಗದ ಉಪಾಯ ನನಗೆ ಬೇರೊಂದು ಕಂಡಿಲ್ಲ. ಖನಿಜ ಮಿಶ್ರಣ ತಿಂಗಳಿಗೆ ಹಸುವೊಂದಕ್ಕೆ ಒಂದೂವರೆ ಕೆ.ಜಿ. ಸಾಕು. ಖರ್ಚು ಕಡಿಮೆ ಮಾಡಲು ಹೊರಟವರು ಮೊದಲು ನಿಲ್ಲಿಸುವುದು ಇದನ್ನೇ ಎಂಬುದು ವಿಚಿತ್ರ.

ಹಾಗೆಂದು ಮೇವಿನಲ್ಲಿ ಉಳಿಸಲು ಏನೂ ಇಲ್ಲವೆಂದಲ್ಲ. ಉಳಿತಾಯ ಇರುವುದು ಹಸುವಿನ ಬಾಯಿಯಿಂದ ಕಿತ್ತುಕೊಳ್ಳುವುದರಲ್ಲಿ ಅಲ್ಲ, ಕೊಳ್ಳುವ ಹೊತ್ತಿನಲ್ಲಿ ಮತ್ತು ಕೂಡಿಡುವ ಬಗೆಯಲ್ಲಿ. ಭದ್ರಾ ಅಚ್ಚುಕಟ್ಟಿನ ಕಡೆ ಕೊಯ್ಲು ನಡೆಯುವಾಗ ಲೋಡು ಹುಲ್ಲು ತರಿಸಿಕೊಂಡವರಿಗೂ ಮಳೆಗಾಲದ ನಡುವೆ ಹುಲ್ಲು ಹುಡುಕಿಕೊಂಡು ಹೊರಟವರಿಗೂ ಬೀಳುವ ದರವೇ ಬೇರೆ. ಬ್ಯಾಣ, ಅಂದರೆ ಹುಲ್ಲುಗಾವಲು, ಇದ್ದವರು ದೀಪಾವಳಿಯ ಆಸುಪಾಸಿನಲ್ಲಿ ಅಲ್ಲಿನ ಕರಡದ ಹುಲ್ಲು ಕೊಯ್ದು ಒಣಗಿಸಿಟ್ಟುಕೊಂಡರೆ ಕೊಳ್ಳುವ ಹುಲ್ಲು ಅಷ್ಟರಮಟ್ಟಿಗೆ ಇಳಿಯುತ್ತದೆ. ಆದರೆ ನಮ್ಮ ಮಳೆಗೆ ಗೊಣಬೆಯ (ಹುಲ್ಲಿನ ಬಣವೆಯ) ಮೇಲೆ ಬರಿಯ ಟಾರ್ಪಾಲು ಸಾಲದು, ತಗಡಿನ ಮಾಡು ಬೇಕೇ ಬೇಕು. ಬೂಷ್ಟು ಹಿಡಿದ ಹುಲ್ಲನ್ನು ಹಸು ತಿನ್ನದಿದ್ದರೆ ಹುಲ್ಲಿನ ದುಡ್ಡು ಹೋಯಿತು, ತಿಂದರೆ ಡಾಕ್ಟರ ದುಡ್ಡೂ ಹೋಯಿತು.

ಹಸಿ ಮೇವಿಗೆ ಸಿಒ-3 ಅಥವಾ ಸಿಒ-4 ತಳಿಯ ನೇಪಿಯರ್ ಹುಲ್ಲನ್ನು ಕೊಟ್ಟಿಗೆ ತೊಳೆದ ನೀರು ಹರಿಯುವ ಜಾಗದಲ್ಲಿ ನೆಟ್ಟರೆ ಗೊಬ್ಬರದ ಚಿಂತೆಯಿಲ್ಲ. ಮೊದಲ ಕೊಯ್ಲಿನ ನಂತರ ಸುಮಾರು 45 ದಿನಕ್ಕೊಮ್ಮೆ ಕೊಯ್ಯಲೇಬೇಕು. ಬಲಿತ ದಂಟನ್ನು ಹಸು ಗೊಂತಿನಲ್ಲೇ ಬಿಡುತ್ತದೆ. ಇಡೀ ಹುಲ್ಲು ಹಾಕುವವರು ಒಂದು ವಾರ ಗೊಂತಿನಲ್ಲಿ ಉಳಿದದ್ದನ್ನು ತೂಗಿ ನೋಡಿದರೆ ಮೇವು ಕತ್ತರಿಸುವ ಯಂತ್ರಕ್ಕೆ ಹಾಕುವ ಹಣ ಹೆಚ್ಚೆನ್ನಿಸುವುದಿಲ್ಲ. ಅದೇ ಬಗೆಯಲ್ಲಿ ಪುಡಿ ಮಾಡಿದ ಅಡಿಕೆ ಹಾಳೆಯೂ ಬೈಹುಲ್ಲಿಗೆ ಹೆಚ್ಚುಕಡಿಮೆ ಸಮನಾದ ಮೇವು. ಬೇಸಿಗೆಯಲ್ಲಿ ತೋಟದ ತುಂಬ ಬಿದ್ದಿರುವ ಹಾಳೆಯನ್ನು ಬಿಟ್ಟು ಹುಲ್ಲಿಗಾಗಿ ಲಾರಿ ಕಾಯುವುದು ನನಗೆ ಸರಿಕಾಣುವುದಿಲ್ಲ. ಮಳೆಗಾಲದಲ್ಲಿ ಬಿದ್ದ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ತಾಗಿದ ಹಾಳೆಯನ್ನು ಮಾತ್ರ ನಾವು ಮುಟ್ಟುವುದಿಲ್ಲ.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಸಣ್ಣ ಸಸ್ಯವನ್ನು ಮೇವಾಗಿ ಹಾಕುವ ಬಗ್ಗೆ ಕೇಳುವವರು ಬಹಳ. ಒಣಗಿಸಿದಾಗ ಅದರಲ್ಲಿ ಶೇ. 20ಕ್ಕಿಂತ ಹೆಚ್ಚು ಪ್ರೋಟೀನ್ ಇರುವುದು ನಿಜ. ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ನೀರು. ದಿನವೂ ತೊಟ್ಟಿಯಿಂದ ಎತ್ತಿ, ತೊಳೆದು ಹಾಕುವ ಎರಡು ಕೆ.ಜಿ.ಯಲ್ಲಿ ಸಿಗುವ ಪ್ರೋಟೀನ್ ಒಂದು ಹಿಡಿ ಶೇಂಗಾ ಹಿಂಡಿಯಲ್ಲೇ ಸಿಗುತ್ತದೆ. ಕೋಳಿಗೆ ಒಳ್ಳೆಯದು, ಹಸುವಿನ ಹಿಂಡಿ ಚೀಲವನ್ನು ಅದು ಇಳಿಸುತ್ತದೆಂದು ನಂಬುವುದು ಬೇಡ.

ಔಷಧಿಯ ಖರ್ಚಿನಲ್ಲಿ ನಮ್ಮ ಸೀಮೆಗೆ ವಿಶೇಷವಾದದ್ದು ಗದ್ದೆ ಬಯಲಿನ ಬಸವನಹುಳುವಿನಿಂದ ಬರುವ ಯಕೃತ್ತಿನ ಚಪ್ಪಟೆ ಹುಳು. ಮಾಮೂಲಿ ಜಂತುಹುಳುವಿನ ಔಷಧಿಗಳೆಲ್ಲ ಇದಕ್ಕೆ ನಾಟುವುದಿಲ್ಲ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಮಾತ್ರೆ ನುಂಗಿಸುವ ಬದಲು ಪಶು ಆಸ್ಪತ್ರೆಗೆ ಸಗಣಿ ಒಯ್ದು ಪರೀಕ್ಷೆ ಮಾಡಿಸಿ, ಇರುವ ಹುಳುವಿಗೆ ತಕ್ಕ ಔಷಧಿ ಕೊಡುವುದು ಅಗ್ಗ. ಕಾಲುಬಾಯಿ ಜ್ವರದ ಲಸಿಕೆಯಂತೂ ಸರ್ಕಾರದಿಂದ ಉಚಿತ.

ಇನ್ನು ಸಗಣಿ. ಮಲೆನಾಡಿನ ಕೊಟ್ಟಿಗೆಯನ್ನು ಡೇರಿಯ ಬಟವಾಡೆಯಿಂದ ಮಾತ್ರ ಅಳೆಯುವುದು ಅರ್ಧ ಲೆಕ್ಕ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿರು ಸೊಪ್ಪು ಮತ್ತು 12 ಕೆ.ಜಿ. ಕೊಟ್ಟಿಗೆ ಗೊಬ್ಬರ ಬೇಕೆಂಬುದು ಶಿಫಾರಸು. ಎಕರೆಗೆ 550 ಮರವೆಂದರೆ 6,600 ಕೆ.ಜಿ. ಗೊಬ್ಬರ. ಬಯಲುಸೀಮೆಯಿಂದ ಗೊಬ್ಬರದ ಲಾರಿ ತರಿಸುವ ತೋಟದವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ನಾವು ಆ ಮೊತ್ತವನ್ನು ತೋಟದ ಖಾತೆಯಿಂದ ಕೊಟ್ಟಿಗೆಯ ಖಾತೆಗೆ ಜಮಾ ಮಾಡುತ್ತೇವೆ. ಅದಕ್ಕೂ ಮುನ್ನ ಸಗಣಿ ಗೋಬರ್ ಗ್ಯಾಸಿನ ಮೂಲಕ ಹಾದುಹೋಗುತ್ತದೆ. ದಿನಕ್ಕೆ 50 ಕೆ.ಜಿ. ಸಗಣಿ ಬೇಡುವ 2 ಘನಮೀಟರಿನ ಸ್ಥಾವರ ಬೇಸಿಗೆಯಲ್ಲಿ ಅಡುಗೆಯ ಸಿಲಿಂಡರಿನ ಬಹುಪಾಲನ್ನು ಉಳಿಸುತ್ತದೆ, ಆಷಾಢದ ಚಳಿಯಲ್ಲಿ ಮಾತ್ರ ಸೋಮಾರಿಯಾಗುತ್ತದೆ. ಕೊಟ್ಟಿಗೆ ತೋಟಕ್ಕಿಂತ ಎತ್ತರದಲ್ಲಿರುವುದರಿಂದ ಸ್ಥಾವರದಿಂದ ಹೊರಬರುವ ಬಗ್ಗಡವನ್ನು ಪೈಪಿನಲ್ಲಿ ಇಳಿಜಾರಿಗೆ ಬಿಟ್ಟರೆ ಸಾಕು, ಹೊರುವ ಆಳು ಬೇಡ. ಆಳೇ ಸಿಗದ ಊರಿನಲ್ಲಿ ಇದು ಹಣಕ್ಕಿಂತ ಮೇಲಿನ ಉಳಿತಾಯ.

ಕೊನೆಯ ಪ್ರಶ್ನೆ ದನಗಳ ಸಂಖ್ಯೆ. ಉಳುಮೆಗೆ ಟಿಲ್ಲರ್ ಬಂದು ಹೋರಿಗರುಗಳಿಗೆ ಕೆಲಸವಿಲ್ಲವಾಯಿತು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆಯ ನಂತರ ಅವುಗಳನ್ನೂ ಮುದಿ ಹಸುಗಳನ್ನೂ ಕೊಳ್ಳುವವರು ವಿರಳ. ಕಾಯ್ದೆಯ ಸರಿತಪ್ಪಿನ ಚರ್ಚೆ ಏನೇ ಇರಲಿ, ಹುಟ್ಟಿದ ಪ್ರತಿ ಕರುವಿನ ಜೀವಮಾನದ ಮೇವು ಈಗ ನಮ್ಮ ಲೆಕ್ಕದಲ್ಲೇ ಇರಬೇಕು. ಆದ್ದರಿಂದ ಕಡಸುಗಳಿಗೆ ಲಿಂಗ ನಿರ್ಧರಿತ ವೀರ್ಯದ ಇಂಜೆಕ್ಷನ್ ಹಾಕಿಸುತ್ತಿದ್ದೇವೆ. ಗಬ್ಬ ನಿಲ್ಲುವುದು ತುಸು ಕಡಿಮೆಯಾದರೂ ನೂರಕ್ಕೆ ತೊಂಬತ್ತರಷ್ಟು ಹೆಣ್ಣುಗರುಗಳೇ ಹುಟ್ಟುತ್ತವೆ. ಕರೆಯುವ ಹಸುಗಳನ್ನು ನಾಲ್ಕಕ್ಕಿಂತ ಹೆಚ್ಚಿಸುವುದಿಲ್ಲವೆಂದೂ, ಮಿಗುವ ಕಡಸುಗಳನ್ನು ಗಬ್ಬವಿರುವಾಗಲೇ ಸಾಕುವವರಿಗೆ ಕೊಡುವುದೆಂದೂ ಮನೆಯಲ್ಲಿ ನಿಶ್ಚಯಿಸಿದ್ದೇವೆ. ಮುದಿ ಹಸುಗಳು ಗಿಡ್ಡಗಳ ಜೊತೆ ಬ್ಯಾಣದಲ್ಲಿ ಮೇಯುತ್ತವೆ; ಅವುಗಳ ಖರ್ಚನ್ನು ಹಾಲಿನ ಲೆಕ್ಕಕ್ಕೆ ಸೇರಿಸದೆ ತೋಟದ ಗೊಬ್ಬರದ ಲೆಕ್ಕದಲ್ಲಿ ಬರೆಯುತ್ತೇವೆ.