ಹೆಗ್ಗಣ ಅಲ್ಲ ದೊಡ್ಡಪ್ಪ, ಒಪೋಸಮ್

ರಜೆಗೆ ಊರಿಗೆ ಬಂದಾಗಲೆಲ್ಲ ದೊಡ್ಡಪ್ಪನಿಗೆ ಮೊಬೈಲಿನಲ್ಲಿರೋ ಫೋಟೋ ತೋರಿಸಬೇಕು. ನಮ್ಮದು ಕೊರಟಗೆರೆ ಹತ್ತಿರ, ಜಯಮಂಗಲಿ ದಂಡೆ. ಈ ಸಲ ಮೊದಲನೇ ಫೋಟೋಗೇ, "ಇದೇನ್ಲಾ, ಹೆಗ್ಗಣ! ಇದ್ನ ನೋಡಾಕೆ ಅಮೇರಿಕಾಕ್ಕೆ ಹೋಗ್ಬೇಕಿತ್ತಾ?" ಅಂದರು.

ಅದು ಒಪೋಸಮ್. ಪೆನ್ಸಿಲ್ವೇನಿಯಾದಲ್ಲಿ ನಮ್ಮನೆ ಹಿಂದಿನ ಕಸದ ಡಬ್ಬಿಗೆ ರಾತ್ರಿ ಹೊತ್ತಿನ ಖಾಯಂ ಗಿರಾಕಿ. ಕಾಂಗರೂ ಥರ ಹೊಟ್ಟೆಚೀಲದ ಜಾತಿ. ಮೆಕ್ಸಿಕೋದಿಂದ ಉತ್ತರಕ್ಕೆ ಈ ಜಾತಿಯಲ್ಲಿ ಇದೊಂದೇ ಇರೋದು. 13 ದಿನಕ್ಕೇ ಹೆರಿಗೆ. ಜೇನುನೊಣದಷ್ಟಿರುವ ಮರಿಗಳು ತಾವೇ ತೆವಳಿಕೊಂಡು ಚೀಲ ಸೇರಬೇಕು. ಒಳಗಿರೋದು ಸಾಮಾನ್ಯವಾಗಿ 13 ಮೊಲೆತೊಟ್ಟು, ಮರಿಗಳು ಅದಕ್ಕಿಂತ ಜಾಸ್ತಿ. ತೊಟ್ಟು ಸಿಗದಿದ್ದದ್ದು ಉಳಿಯಲ್ಲ.

ಒಂದು ರಾತ್ರಿ ಟಾರ್ಚ್ ಬಿಟ್ಟೆ. ಬಾಯಿ ತೆರೆದು, ಜೊಲ್ಲು ಸುರಿಸಿಕೊಂಡು, ಪಕ್ಕಕ್ಕೆ ಬಿದ್ದೇಬಿಡ್ತು. ಕೊಂದೇಬಿಟ್ಟೆ ಅಂತ ಹೆದರಿ ಒಳಗೆ ಹೋದವನು ಸುಮಾರು ಹೊತ್ತಾದ ಮೇಲೆ ಸಲಿಕೆ ಹಿಡಿದು ಬಂದರೆ, ಜಾಗ ಖಾಲಿ! ಬೇಕಂತ ಆಡೋ ನಾಟಕ ಅಲ್ಲ ಅದು. ಭಯಕ್ಕೆ ಮೈ ತಾನಾಗೇ ಹಾಗಾಗುತ್ತೆ. ಕಾಡಲ್ಲಿ ಎರಡು ವರ್ಷ ಬದುಕಿದರೆ ಹೆಚ್ಚು. ಆದರೂ ಸಂತತಿಗೆ ಬರ ಇಲ್ಲ. ಕೆನಡಾಕ್ಕೂ ಹಬ್ಬಿದೆ.

ಇನ್ನೊಂದು ಫೋಟೋ ನಾನು ತೆಗೆದದ್ದಲ್ಲ, ಅಲ್ಲಿನ ಹಳ್ಳದ ಪಕ್ಕದ ಬೋರ್ಡಿನ ಮೇಲಿನ ಚಿತ್ರ. ಹೆಲ್‌ಬೆಂಡರ್ ಅನ್ನೋ ಸಲಮಾಂಡರ್, ಅಂದರೆ ನೋಡೋಕೆ ಹಲ್ಲಿ ಥರ ಇರೋ ಕಪ್ಪೆಯ ದೂರದ ನೆಂಟ: ಎರಡಡಿವರೆಗೆ ಬೆಳೆಯುತ್ತೆ, ಚಪ್ಪಟೆ ತಲೆ, ಮೈ ಪಕ್ಕದಲ್ಲಿ ಸುಕ್ಕು ಸುಕ್ಕು ಚರ್ಮ. ಶ್ವಾಸಕೋಶ ಇದ್ದರೂ ಉಸಿರಾಡೋದು ಹೆಚ್ಚುಕಮ್ಮಿ ಆ ಚರ್ಮದಲ್ಲೇ. ಹಾಗಾಗಿ ತಣ್ಣಗೆ ಹರಿಯೋ ತಿಳಿನೀರೇ ಆಗಬೇಕು. ದೊಡ್ಡ ಚಪ್ಪಡಿ ಕಲ್ಲಿನಡಿ ಮೊಟ್ಟೆ ಕಾಯೋದು ಗಂಡು. ಒಪೋಸಮ್‌ಗಿಂತ ಹತ್ತಾರು ಪಟ್ಟು ಆಯಸ್ಸು, ಸುಮಾರು 30 ವರ್ಷ. ಆದರೆ ಅಳಿವಿನ ಭಯ ಇರೋದು ಇದಕ್ಕೇ. ಅಣೆಕಟ್ಟು ನೀರನ್ನ ನಿಲ್ಲಿಸಿತು, ಹೂಳು ಕಲ್ಲಿನ ಸಂದಿ ಮುಚ್ಚಿತು. 2019ರಲ್ಲಿ ಪೆನ್ಸಿಲ್ವೇನಿಯಾ ಇದನ್ನ ರಾಜ್ಯದ ಉಭಯಚರಿ ಅಂತ ಘೋಷಿಸಿತು. 2024ರ ಡಿಸೆಂಬರಿನಲ್ಲಿ ಅಮೇರಿಕಾದ ಕೇಂದ್ರ ಸರ್ಕಾರ ಇದರ ಉಪಜಾತಿಯಾದ ಈಸ್ಟರ್ನ್ ಹೆಲ್‌ಬೆಂಡರನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸೋ ಪ್ರಸ್ತಾವ ಇಟ್ಟಿತು.

ನಾನೂ ಸಾಚಾ ಅಲ್ಲ ಬಿಡಿ. ಮಗಳ ಜೊತೆ ಹಳ್ಳದಲ್ಲಿ ಕಲ್ಲು ಎತ್ತಿ ಗೋಪುರ ಕಟ್ಟುತ್ತಿದ್ದಾಗ ಒಬ್ಬರು ಬಂದು ಆ ಬೋರ್ಡ್ ತೋರಿಸಿದರು: ಕಲ್ಲು ಕದಲಿಸಬೇಡಿ, ಅಡಿಯಲ್ಲಿ ಮನೆ ಇದೆ.

ದೊಡ್ಡಪ್ಪ ಇಷ್ಟನ್ನೂ ಸುಮ್ಮನೆ ಕೇಳಿದರು. "ಅಲ್ಲಿ ಕಲ್ಲಿಗೂ ಬೋರ್ಡಾ? ಇಲ್ಲಿ ಹೊಳೇಲಿದ್ದ ಮರಳೆಲ್ಲ ಲಾರಿ ಹತ್ತಿ ಹೋಯ್ತು, ಕೇಳೋರೇ ಇರ್ಲಿಲ್ಲ."

ಸಂಜೆ ಹೊಳೆ ಕಡೆ ಕರಕೊಂಡು ಹೋದರು. ನಾನು ಚಿಕ್ಕವನಿದ್ದಾಗ ಬೊಗಸೆಯಲ್ಲಿ ನೀರು ಕುಡಿದ ತಲಪರಿಗೆ, ಅದೇ ಮರಳಿನಡಿಯಿಂದ ಉಕ್ಕುತ್ತಿದ್ದ ಒರತೆ, ಎಲ್ಲಿ ಅಂತ ಕೇಳಿದೆ. ಕೋಲು ಚಾಚಿ ತೋರಿಸಿದರು. ಅಲ್ಲಿ ಆಳೆತ್ತರ ಬಳ್ಳಾರಿ ಜಾಲಿ ನಿಂತಿತ್ತು.