ಬ್ಲೈತ್‌ಬರ ಚರ್ಚು: ನಾಯಿ, ಗುಂಡು ಮತ್ತು ಸೋರುವ ನೀರು

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಬ್ಲೈತ್‌ಬರ ಎಂಬ ಹಳ್ಳಿಯಲ್ಲಿ ಹೋಲಿ ಟ್ರಿನಿಟಿ ಚರ್ಚು ಇದೆ. ಅದರ ಬಗ್ಗೆ ಬರೆಯುವವರು ಎರಡು ಕತೆಗಳನ್ನು ಬಿಡುವುದಿಲ್ಲ. 1577ರಲ್ಲಿ ಸೈತಾನ ಕರಿನಾಯಿಯಾಗಿ ಒಳನುಗ್ಗಿದನಂತೆ. ಚಾವಣಿಯ ದೇವದೂತರ ಮೇಲೆ ಪ್ಯೂರಿಟನ್ನರು, ಅಂದರೆ ಚರ್ಚಿನಲ್ಲಿ ವಿಗ್ರಹ ಕೂಡದೆನ್ನುವ ಕಟ್ಟಾ ಪ್ರೊಟೆಸ್ಟಂಟರು, ಗುಂಡು ಹಾರಿಸಿದರಂತೆ. ಕೇಳಲು ಚೆನ್ನಾಗಿವೆ. ಆದರೆ ಈ ಕಟ್ಟಡವನ್ನು ನಿಜಕ್ಕೂ ಸವೆಸಿದ್ದು ಮೇಲಿಂದ ಸೋರಿದ ನೀರು ಮತ್ತು ರಿಪೇರಿಗೆ ಕಾಸಿಲ್ಲದ ಊರು.

ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಚರ್ಚು ಹೇಗೆ ಬಂತು? ಬ್ಲೈತ್ ನದಿಯ ಅಳಿವೆಯಲ್ಲಿ ಆಗ ಹಡಗುಗಳು ಊರಿನವರೆಗೂ ಬರುತ್ತಿದ್ದವು, ವ್ಯಾಪಾರವಿತ್ತು. ಅಗಸ್ಟಿನ್ ಪಂಥದ ಒಂದು ಸಣ್ಣ ಮಠವೂ ಇತ್ತು. 1412ರಲ್ಲಿ ಹೊಸ ಚರ್ಚು ಕಟ್ಟಲು ಆ ಮಠಕ್ಕೆ ರಾಜನ ಅನುಮತಿ ಸಿಕ್ಕಿತು. ಗೋಪುರ ಮಾತ್ರ ಅದಕ್ಕಿಂತ ಹಿಂದಿನದು, 14ನೆಯ ಶತಮಾನದ್ದು. ಅದನ್ನು ಹಾಗೇ ಉಳಿಸಿಕೊಂಡು ಪೂರ್ವಕ್ಕೆ ಉಳಿದದ್ದನ್ನೆಲ್ಲ ಹೊಸದಾಗಿ ಎಬ್ಬಿಸಿದರು. ಬೋಳು ಗೋಪುರದ ಪಕ್ಕದಲ್ಲಿ ಅಲಂಕಾರದ ದೇಹ ಬೇರೆ ಯಾರದೋ ಅನ್ನಿಸುವುದು ಇದಕ್ಕೇ. ಆಮೇಲೆ ಅಳಿವೆಯಲ್ಲಿ ಹೂಳು ತುಂಬಿತು, ಹಡಗು ನಿಂತವು. ಎಂಟನೆಯ ಹೆನ್ರಿಯ ಕಾಲದಲ್ಲಿ, 1537ರಲ್ಲಿ, ಮಠವೂ ಮುಚ್ಚಿತು. ಬಂದರು ಇದ್ದಾಗ ಕಟ್ಟಿದ್ದನ್ನು ಬಂದರು ಹೋದ ಮೇಲೆ ಸಾಕಬೇಕಾಯಿತು.

ಸಫೋಕಿನಲ್ಲಿ ಕೆತ್ತುವಂಥ ಕಲ್ಲು ಸಿಗುವುದಿಲ್ಲ. ಸಿಗುವುದು ಸುಣ್ಣದ ಬಂಡೆಯೊಳಗಿನ ಚಕಮಕಿ ಕಲ್ಲು, ಮುಷ್ಟಿ ಗಾತ್ರದ ಗಂಟುಗಳು. ಅದು ಗಾಜಿನಷ್ಟು ಗಟ್ಟಿ, ನೀರು ಹೀರುವುದಿಲ್ಲ. ಹಾಗಾಗಿ ಸುಣ್ಣದ ಗಾರೆ ಅದಕ್ಕೆ ಸುಲಭವಾಗಿ ಕಚ್ಚುವುದಿಲ್ಲ, ಬೇಗ ಗಟ್ಟಿಯಾಗುವುದೂ ಇಲ್ಲ. ಒಂದೇ ಸಮ ಎತ್ತರಕ್ಕೆ ಏರಿಸಿದರೆ ಕೆಳಗಿನ ಹಸಿ ಗಾರೆ ಭಾರಕ್ಕೆ ಉಬ್ಬಿ ಗೋಡೆ ಹೊಟ್ಟೆ ಬಿಡುತ್ತದೆ. ಸ್ವಲ್ಪ ಏರಿಸುವುದು, ಒಣಗಲು ಬಿಡುವುದು, ಮತ್ತೆ ಏರಿಸುವುದು, ಹೀಗೇ ಕೆಲಸ ಸಾಗಬೇಕು. ಚಳಿಗಾಲದಲ್ಲಿ ಅರ್ಧ ಗೋಡೆಯ ಮೇಲೆ ಹುಲ್ಲು ಹೊದಿಸಿ ನಿಲ್ಲಿಸಬೇಕು. ಗಂಟುಕಲ್ಲಿನಿಂದ ನೇರ ಮೂಲೆ ಬರುವುದಿಲ್ಲವಾದ್ದರಿಂದ ಮೂಲೆಗೆ, ಕಿಟಕಿ ಚೌಕಟ್ಟಿಗೆ, ಕಮಾನಿಗೆ ಹೊರಗಿನ ಕಲ್ಲನ್ನು ನೀರಿನ ದಾರಿಯಲ್ಲಿ ತರಿಸಬೇಕು. ಅದು ದುಬಾರಿ.

ಈ ಕೊರತೆಯಿಂದಲೇ ಇಲ್ಲಿನ ಒಂದು ಸೊಗಸು ಹುಟ್ಟಿದೆ. ಚಕಮಕಿ ಕಲ್ಲನ್ನು ಒಡೆದರೆ ಒಳಗೆ ಹೊಳೆಯುವ ಕಪ್ಪು ಮುಖ. ತಂದ ಬಿಳಿಗಲ್ಲಿನ ಹಲಗೆಯಲ್ಲಿ ಅಕ್ಷರದ ಅಥವಾ ಕಮಾನಿನ ಆಕಾರ ಬಿಟ್ಟು ಉಳಿದ ಜಾಗವನ್ನು ಕೊರೆದು, ಅಲ್ಲಿ ಕಪ್ಪು ಚೂರುಗಳನ್ನು ಮೇಲ್ಮೈ ಸಮನಾಗಿ ಕೂರಿಸುತ್ತಾರೆ. ಪೂರ್ವದ ದೊಡ್ಡ ಕಿಟಕಿಯ ಕೆಳಗೆ, ಹೊರಗಡೆ, ಹೀಗೆ ಮಾಡಿದ ಬಿಡಿ ಅಕ್ಷರಗಳ ಸಾಲಿದೆ. ಅವು ಲ್ಯಾಟಿನ್ ಅರ್ಪಣೆಯೊಂದರ ಮೊದಲಕ್ಷರಗಳು ಎಂದು ಹೇಳುತ್ತಾರೆ. ಒಪ್ಪುವಂತೆ ಕಂಡರೂ ಅದು ಊಹೆಯೇ.

ಒಳಗೆ ಹೋದರೆ ಮೊದಲು ಬಡಿಯುವುದು ಬೆಳಕು. ಇದು ಇಂಗ್ಲಿಷ್ ಗೋಥಿಕ್‌ನ ಕೊನೆಯ ಘಟ್ಟ, ಪರ್ಪೆಂಡಿಕ್ಯುಲರ್ ಶೈಲಿ. ಗೋಡೆ ಕಡಿಮೆ, ಗಾಜು ಹೆಚ್ಚು. ಕಂಬಸಾಲಿನ ಮೇಲೆ ಒಂದೊಂದು ಬದಿಗೆ ಹದಿನೆಂಟು ಕಿಟಕಿಗಳ ಮೇಲ್ಸಾಲು. ಜನ ನಿಲ್ಲುವ ಅಂಗಣಕ್ಕೂ ಬಲಿಪೀಠದ ಭಾಗಕ್ಕೂ ನಡುವೆ ಕಲ್ಲಿನ ಕಮಾನು ಇಲ್ಲ, ಒಂದೇ ಚಾವಣಿ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಕಲ್ಲಿನ ಕಮಾನುಚಾವಣಿ ಹಾಕಿದ್ದರೆ ಅದರ ಒತ್ತಡಕ್ಕೆ ಇಷ್ಟು ತೆಳು ಗೋಡೆ ತಡೆಯುತ್ತಿರಲಿಲ್ಲ. ಮರದ ಚಾವಣಿಯಾದ್ದರಿಂದ ಭಾರ ಬಹುಪಾಲು ನೇರ ಕೆಳಕ್ಕೆ ಇಳಿಯುತ್ತದೆ.

ಆ ಓಕ್ ಚಾವಣಿಯೇ ಇಲ್ಲಿನ ಆಸ್ತಿ. ನಡುವೆ ತುಸು ಉಬ್ಬಿದ ಅಡ್ಡತೊಲೆಗಳು, ತೀರ ಕಡಿಮೆ ಇಳಿಜಾರು, ಹಳೆಯ ಬಣ್ಣದ ಉಳಿಕೆ, ತೊಲೆಗಳ ನಡುಭಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ರೆಕ್ಕೆಯ ದೇವದೂತರು. ಓಕ್ ಮರವನ್ನು ಹಸಿಯಿದ್ದಾಗಲೇ ಕೆತ್ತುತ್ತಿದ್ದರು. ಜೋಡಣೆಯ ಎರಡು ಭಾಗಗಳ ತೂತನ್ನು ಬೇಕೆಂದೇ ಕೊಂಚ ಆಚೀಚೆ ಕೊರೆದು ಮರದ ಗೂಟ ಹೊಡೆದರೆ, ಗೂಟ ಅವೆರಡನ್ನೂ ಎಳೆದು ಬಿಗಿಯುತ್ತದೆ.

ಇಳಿಜಾರು ಕಡಿಮೆ ಇರುವುದಕ್ಕೆ ಕಾರಣ ಸೀಸದ ಹೊದಿಕೆ. ಕಡಿದಾದ ಇಳಿಜಾರಿನಲ್ಲಿ ಸೀಸದ ತಗಡು ತನ್ನ ಭಾರಕ್ಕೇ ಕೆಳಗೆ ಜಾರುತ್ತದೆ. ಬಿಸಿಲಿಗೆ ಹಿಗ್ಗುವುದೂ ಬಹಳ: 2 ಮೀಟರ್ ತಗಡು 50 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ಮಿಲಿಮೀಟರ್ ಆಡುತ್ತದೆ. ಮೊಳೆ ಹೊಡೆದು ಬಿಗಿಯಾಗಿ ಕಟ್ಟಿಹಾಕಿದರೆ ಒಂದೇ ಜಾಗದಲ್ಲಿ ಮಡಚಿ ಮಡಚಿ ಬಿರುಕು ಬಿಡುತ್ತದೆ. ಓಕ್ ಮರದಿಂದ ಹೊರಡುವ ಆಮ್ಲ ಬೇರೆ, ಅಡಿಯಲ್ಲಿ ತೇವ ನಿಂತರೆ ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಕಡಿಮೆ ಇಳಿಜಾರಿನಲ್ಲಿ ನೀರು ನಿಧಾನಕ್ಕೆ ಹರಿದು, ಅಂಚುಗೋಡೆಯ ಹಿಂದೆ ಅಡಗಿದ ದೋಣಿಗೆ, ಅಂದರೆ ನೀರು ಸಾಗಿಸುವ ಕಾಲುವೆಗೆ, ಬೀಳುತ್ತದೆ. ಆ ದೋಣಿ ಕಟ್ಟಿಕೊಂಡರೆ ನೀರು ಒಳಕ್ಕೆ. ಮೊದಲು ಕೊಳೆಯುವುದು ಗೋಡೆಯಲ್ಲಿ ಹುದುಗಿದ ತೊಲೆಯ ತುದಿ, ಕೆಳಗೆ ನಿಂತವರ ಕಣ್ಣಿಗೆ ಬೀಳದ ಜಾಗ.

ಈಗ ಗುಂಡಿನ ಕತೆಗೆ ಬರೋಣ. ವಿಗ್ರಹಗಳನ್ನು ಒಡೆಸುತ್ತ ಸಫೋಕ್ ಸುತ್ತಿದ ಪ್ಯೂರಿಟನ್ ವಿಲಿಯಂ ಡೌಸಿಂಗ್ ಇಲ್ಲಿಗೆ ಬಂದದ್ದು 1644ರ ಏಪ್ರಿಲ್‌ನಲ್ಲಿ. ಇಪ್ಪತ್ತು ದೇವದೂತರನ್ನು ಇಳಿಸಬೇಕೆಂದು ಹೇಳಿದ್ದನ್ನು ಅವನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಷ್ಟು ಎತ್ತರಕ್ಕೆ ಅಟ್ಟಣೆ ಕಟ್ಟುವ ಖರ್ಚು ಯಾರು ಕೊಡಬೇಕು? ಹಲವು ದೇವದೂತರು ಉಳಿದುಕೊಂಡರು. ಮರದೊಳಗೆ ಸಿಕ್ಕ ಸೀಸದ ಗುಂಡುಗಳು 18ನೆಯ ಶತಮಾನದವು. ಅದೇ ಕಾಲದ ಚರ್ಚಿನ ಲೆಕ್ಕಪುಸ್ತಕದಲ್ಲಿ ಜಾಕ್‌ಡಾ ಕಾಗೆಗಳನ್ನು ಹೊಡೆಯಲು ಮದ್ದುಗುಂಡಿಗೆ ಕೊಟ್ಟ ಹಣ ದಾಖಲಾಗಿದೆ. ಈ ಕಾಗೆ ಸಂದು ಕಂಡಲ್ಲೆಲ್ಲ ಕಡ್ಡಿ ತುಂಬುವ ಜಾತಿ, ದೋಣಿ ಕಟ್ಟಿಕೊಳ್ಳಲು ಬೇರೆ ಶತ್ರು ಬೇಕಿಲ್ಲ. ಚಾವಣಿ ಕಾಯಲು ಹೋದವರ ಗುಂಡೇ ದೇವದೂತರಿಗೆ ತಗಲಿದೆ.

ನಾಯಿಯ ಕತೆಯ ಹಿಂದೆ ಇರುವುದು ಒಂದು ಸಿಡಿಲು. 1577ರ ಆಗಸ್ಟ್ 4, ಭಾನುವಾರದ ಪ್ರಾರ್ಥನೆಯ ಹೊತ್ತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು, ಗೋಪುರಕ್ಕೆ ಪೆಟ್ಟಾಯಿತು. ಉತ್ತರದ ಬಾಗಿಲಿನ ಕರಕಲು ಗುರುತುಗಳನ್ನು ಪಂಜದ ಗುರುತೆಂದು ಇಂದಿಗೂ ತೋರಿಸುತ್ತಾರೆ. ಮೇಣದ ಬತ್ತಿಯನ್ನು ಓರೆಯಾಗಿ ಹಿಡಿದು ಸುಟ್ಟ ಹನಿಯಾಕಾರದ ಗುರುತುಗಳು ಆ ಕಾಲದ ಇಂಗ್ಲೆಂಡಿನ ಮರಗೆಲಸದಲ್ಲಿ ಎಷ್ಟೋ ಕಡೆ ಇವೆ. ಕೆಡುಕನ್ನು ದೂರವಿಡಲು ಹೀಗೆ ಮಾಡುತ್ತಿದ್ದರು ಎಂಬ ವಿವರಣೆ ನನಗೆ ನಾಯಿಗಿಂತ ನಂಬಲರ್ಹ.

19ನೆಯ ಶತಮಾನದ ಹೊತ್ತಿಗೆ ಎಷ್ಟೋ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ್ದರು, ಮಳೆ ಬಂದರೆ ಭಕ್ತರು ಒಳಗೇ ಕೊಡೆ ಬಿಚ್ಚುತ್ತಿದ್ದರು. ಅಪಾಯವೆಂದು 1881ರಲ್ಲಿ ಬಾಗಿಲು ಮುಚ್ಚಿಸಲಾಯಿತು. ದುರಸ್ತಿ ಹೇಗಿರಬೇಕೆಂದು ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹುಟ್ಟುಹಾಕಿದ ಹಳೆ ಕಟ್ಟಡಗಳ ರಕ್ಷಣಾ ಸಂಘ ಜಗಳಕ್ಕೇ ಇಳಿಯಿತು: ಹಳೆಯದನ್ನು ಕಿತ್ತು ಹೊಸ ಹಳೆಯದನ್ನು ಮಾಡಬೇಡಿ, ಇರುವುದನ್ನು ಗಟ್ಟಿ ಮಾಡಿ. 1884ರಲ್ಲಿ ಮತ್ತೆ ತೆರೆಯಿತು. ಇವತ್ತು ಮಾಸಿದ ಬಣ್ಣವಾದರೂ ಕಾಣುತ್ತಿದೆಯೆಂದರೆ ಆ ಜಗಳದ ಉಪಕಾರವೂ ಇದೆ.

ಹೋಗುವವರು ದುರ್ಬೀನು ಒಯ್ಯಿರಿ, ಚಾವಣಿ ಬರಿಗಣ್ಣಿಗೆ ದಕ್ಕುವುದಿಲ್ಲ. ಬೆಂಚಿನ ತುದಿಗಳಲ್ಲಿ ಪಾಪಗಳನ್ನು ಕೆತ್ತಿದ್ದಾರೆ: ಹಾಸಿಗೆ ಬಿಟ್ಟೇಳದ ಸೋಮಾರಿ, ಹೊಟ್ಟೆ ಹಿಡಿದ ಹೊಟ್ಟೆಬಾಕ, ದುಡ್ಡಿನ ಪೆಟ್ಟಿಗೆಯ ಮೇಲೆ ಕೂತ ಜಿಪುಣ. ಗಾಯಕರ ಆಸನಗಳಲ್ಲಿ ಮಸಿಕುಡಿಕೆಯ ತೂತುಗಳಿವೆ, 17ನೆಯ ಶತಮಾನದಲ್ಲಿ ಅಲ್ಲಿ ಮಕ್ಕಳು ಓದುತ್ತಿದ್ದರು, ಒಬ್ಬ ಡಚ್ ಹುಡುಗ ತನ್ನ ಹೆಸರನ್ನೂ ಕೆತ್ತಿ ಹೋಗಿದ್ದಾನೆ. ತಲೆಯಾಡಿಸಿ ಗಂಟೆ ಬಾರಿಸುವ ಮರದ ಗೊಂಬೆಯ ಮೇಲೆ 1682 ಎಂದಿದೆ. ಹೊರಗೆ ಒಂದು ಸುತ್ತು ಹಾಕುವಾಗ ಗೋಡೆಯ ಸಂದುಗಳನ್ನು ನೋಡಿ. ಯಾವುದೇ ಚಕಮಕಿ ಗೋಡೆಗೆ ಸಿಮೆಂಟ್ ಮೆತ್ತಿದ್ದರೆ ಒಳಗಿನ ತೇವ ಹೊರಬರಲು ದಾರಿಯಿರುವುದಿಲ್ಲ. ಹಿಮ ಬಿದ್ದಾಗ ಅದು ಹೆಪ್ಪುಗಟ್ಟಿ ಹಿಗ್ಗಿ, ಗೋಡೆಯ ಹೊರಗಿನ ಕಲ್ಲುಪದರವನ್ನೇ ಸಿಮೆಂಟ್ ಸಮೇತ ಕಳಚಿ ಹಾಕುತ್ತದೆ. ಬೆರಳಿನಿಂದ ಕೆರೆದರೆ ತುಸು ಉದುರುವ ಸುಣ್ಣದ ಗಾರೆ ಕಂಡರೆ ಗಾಬರಿ ಬೇಡ, ಕಲ್ಲಿನ ಬದಲು ತಾನು ಸವೆಯುವುದೇ ಅದರ ಕೆಲಸ.