ಆರು ಇನಿಂಗ್ಸ್‌ ಆಡಿದವರ ಕಾಪಿ

ಪತ್ರಿಕೆಯ ಕ್ರೀಡಾ ಡೆಸ್ಕಿಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ದ್ರಾವಿಡ್‌, ತೆಂಡೂಲ್ಕರ್‌ ಬಗ್ಗೆ ಬರೆದು ತೋರಿಸಿ ಅನ್ನುವುದಿಲ್ಲ. ಅದು ಯಾರಿಗಾದರೂ ಬರುತ್ತದೆ. ಪೆನ್ನು ತಡವರಿಸುವುದು ನಾಲ್ಕೈದು ಟೆಸ್ಟ್‌ ಆಡಿ ಮರೆಯಾದವರ ಬಗ್ಗೆ ಬರೆಯುವಾಗ. ಅದಕ್ಕೆ ನಾನು ಮುಂದಿಡುವ ಹೆಸರು ಎ.ಜಿ. ಮಿಲ್ಖಾ ಸಿಂಗ್‌.

2017ರ ನವೆಂಬರ್‌ನಲ್ಲಿ ಅವರು ಚೆನ್ನೈನಲ್ಲಿ ತೀರಿಕೊಂಡರು. ಏಜೆನ್ಸಿ ಕಾಪಿ, ಅಂದರೆ ಸುದ್ದಿಸಂಸ್ಥೆ ಕಳಿಸಿದ ವರದಿ, ನಮ್ಮ ಕೈಗೆ ಬಂದಾಗ ಮೊದಲ ಗಂಡಾಂತರ ಕಾದಿದ್ದೇ ಹೆಸರಿನಲ್ಲಿ. ಫೋಟೊ ಸಂಗ್ರಹದಲ್ಲಿ ‘ಮಿಲ್ಖಾ ಸಿಂಗ್‌’ ಎಂದು ಹುಡುಕಿದರೆ ಸಾಲುಸಾಲಾಗಿ ಬರುವುದು ಓಟಗಾರ ಮಿಲ್ಖಾ ಸಿಂಗ್‌. ಅವರೋ ಆಗ ಗಟ್ಟಿಮುಟ್ಟಾಗಿ ಬದುಕಿದ್ದರು! ಪುಟ ಕಟ್ಟುವವರು ಓಟಗಾರನ ಚಿತ್ರವನ್ನೇ ಇಟ್ಟಾಗಿತ್ತು, ಪ್ರೂಫ್‌ನಲ್ಲಿ ಕಣ್ಣಿಗೆ ಬಿತ್ತು. ಕೊನೆಗೆ ಚಿತ್ರವೇ ಇಲ್ಲದೆ ಸಿಂಗಲ್‌ ಕಾಲಂ ಹೋಯಿತು.

ಕಾಪಿಯ ಇಂಟ್ರೊ (ಆರಂಭದ ಸಾಲು) ಹೀಗಿತ್ತು: ನಾಲ್ಕು ಟೆಸ್ಟ್‌, 92 ರನ್‌, ಸರಾಸರಿ 15.33. ತಪ್ಪೇನೂ ಇಲ್ಲ. ಆದರೆ ನಮ್ಮ ಮುಖ್ಯಸ್ಥರು ಕಣ್ಣಾಡಿಸಿ ಕೇಳಿದ್ದು, ‘ಆಗ ಅವರಿಗೆ ಎಷ್ಟು ವಯಸ್ಸಪ್ಪಾ?’

ಲೆಕ್ಕ ಹಾಕಿದೆವು. ಹುಟ್ಟಿದ್ದು 1941ರ ಡಿಸೆಂಬರ್‌ 31. ಆಸ್ಟ್ರೇಲಿಯಾ ವಿರುದ್ಧ ಮದ್ರಾಸಿನಲ್ಲಿ ಪದಾರ್ಪಣೆ ಮಾಡಿದ್ದು 1960ರ ಜನವರಿಯಲ್ಲಿ, ಹದಿನೆಂಟು ತುಂಬಿ ಎರಡು ವಾರ ಆಗಿತ್ತಷ್ಟೇ. ಕೊನೆಯ ಟೆಸ್ಟ್‌ 1961ರ ನವೆಂಬರ್‌ನಲ್ಲಿ, ಇಂಗ್ಲೆಂಡ್‌ ವಿರುದ್ಧ ಬಾಂಬೆಯಲ್ಲಿ. ಅಂದರೆ ಇಪ್ಪತ್ತು ತುಂಬುವ ಮೊದಲೇ ಟೆಸ್ಟ್‌ ಬದುಕು ಮುಗಿದಿತ್ತು. ಆಡಿದ್ದು ಆರೇ ಇನಿಂಗ್ಸ್‌. ಅಷ್ಟರ ಸರಾಸರಿಗೆ ಎಷ್ಟು ತೂಕ? ಯಾವುದೋ ಒಂದು ಇನಿಂಗ್ಸ್‌ನಲ್ಲಿ ಇನ್ನೊಂದು 60 ರನ್‌ ಬಂದಿದ್ದರೆ ಅದೇ ಸರಾಸರಿ 25 ದಾಟುತ್ತಿತ್ತು. ವಯಸ್ಸು ಮೊದಲ ವಾಕ್ಯಕ್ಕೆ ಹೋಯಿತು, ಸರಾಸರಿ ಕೆಳಗಿಳಿಯಿತು.

ಇಂಥ ಕಾಪಿಯಲ್ಲಿ ಎರಡನೇ ಗುಂಡಿ ಮನೆತನ. ಬಾಂಬೆಯ ಆ ಟೆಸ್ಟ್‌ನಲ್ಲಿ ಅಣ್ಣ ಎ.ಜಿ. ಕೃಪಾಲ್‌ ಸಿಂಗ್‌ ಕೂಡ ಆಡಿದ್ದರು. 1955ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್‌ ವಿರುದ್ಧ ಪದಾರ್ಪಣೆಯಲ್ಲೇ ಅಜೇಯ ಶತಕ ಬಾರಿಸಿದವರು ಅವರು. ಕೃಪಾಲ್‌ ಮಗ ಅರ್ಜನ್‌ ಮುಂದೆ ತಮಿಳುನಾಡು ಪರ ಗೋವಾ ವಿರುದ್ಧ ಅಜೇಯ 302 ಹೊಡೆದರೂ ಭಾರತ ತಂಡದ ಬಾಗಿಲು ತೆರೆಯಲಿಲ್ಲ. ಮಿಲ್ಖಾ, ಕೃಪಾಲ್‌ ಅವರ ಅಪ್ಪ ಎ.ಜಿ. ರಾಮ್‌ ಸಿಂಗ್‌ ಅವರಿಗೂ ಟೆಸ್ಟ್‌ ಆಡುವ ಯೋಗ ಬರಲಿಲ್ಲ. ಆದರೆ ನಮ್ಮ ಓದುಗರಿಗೆ ಅವರ ಕಥೆ ಹೇಳಲೇಬೇಕು. 1934ರ ನವೆಂಬರ್‌ನಲ್ಲಿ ಚೆಪಾಕ್‌ನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲಿ ಮದ್ರಾಸ್‌ಗೆ ಎದುರಾಳಿ ನಮ್ಮ ಮೈಸೂರು. ರಾಮ್‌ ಸಿಂಗ್‌ 35 ರನ್‌ಗೆ 11 ವಿಕೆಟ್‌ ಕಿತ್ತರು. ಮೈಸೂರು 48 ಮತ್ತು 59. ಪಂದ್ಯ ಒಂದೇ ದಿನದಲ್ಲಿ ಖಲ್ಲಾಸ್‌. (ಈ ಸಾಲನ್ನು ನಮ್ಮವರು ಸಾಮಾನ್ಯವಾಗಿ ಕತ್ತರಿಸಿಬಿಡುತ್ತಾರೆ. ನಾನು ಬಿಡುವುದಿಲ್ಲ.)

ಇಷ್ಟೆಲ್ಲ ರುಚಿಯಾದ ಸರಕು ಸಿಕ್ಕಾಗ ಸತ್ತವರು ಮೂರನೇ ಪ್ಯಾರಾಕ್ಕೆ ಜಾರಿಬಿಡುತ್ತಾರೆ. ಜೊತೆಗೆ ‘ಅಪ್ಪ, ಅಣ್ಣನ ನೆರಳಲ್ಲಿ ಕಮರಿದ ಪ್ರತಿಭೆ’ ಎಂಬ ಸಿದ್ಧ ಸಾಲು ಬೇರೆ. ಕಮರಿದ್ದೆಲ್ಲಿ? 1961–62ರಲ್ಲಿ ವಲಯ ತಂಡಗಳ ದುಲೀಪ್‌ ಟ್ರೋಫಿ ಶುರುವಾದಾಗ ಆ ಟೂರ್ನಿಯ ಮೊದಲ ಶತಕ ಇದೇ ಎಡಗೈ ಬ್ಯಾಟ್ಸ್‌ಮನ್‌ನದು. ಟೆಸ್ಟ್‌ ತಂಡ ಬಿಟ್ಟ ಮೇಲೂ ವರ್ಷಗಟ್ಟಲೆ ಮದ್ರಾಸ್‌ಗೆ ರಣಜಿ ಆಡಿದರು. ಈಗ ನಮ್ಮ ಡೆಸ್ಕಿನಲ್ಲಿ ‘ನೆರಳು’ ಬಂದರೆ ನಾನು ಕಣ್ಣುಮುಚ್ಚಿ ಹೊಡೆದುಹಾಕುತ್ತೇನೆ.

ಮನೆತನದ ಅದೇ ಗುಂಡಿ ಮತ್ತೆ ಎದುರಾಯಿತು. 2021ರ ಆಗಸ್ಟ್‌ನಲ್ಲಿ ಸ್ಟುವರ್ಟ್‌ ಬಿನ್ನಿ ನಿವೃತ್ತಿ ಘೋಷಿಸಿದರು. ಆರು ಟೆಸ್ಟ್‌, 14 ಏಕದಿನ, ಮೂರು ಟಿ20. ಶಿಫ್ಟ್‌ನಲ್ಲಿದ್ದ ಹುಡುಗ ‘ರೋಜರ್‌ ಬಿನ್ನಿ ಪುತ್ರ ವಿದಾಯ’ ಎಂದು ಶೀರ್ಷಿಕೆ ಹಾಕಿದ್ದ.

‘ಮೀರ್‌ಪುರ ಎಲ್ಲೋ?’ ಅಂದೆ.

‘ಕೊನೇ ಪ್ಯಾರಾದಲ್ಲಿದೆ ಸರ್‌.’

2014ರಲ್ಲಿ ಮೀರ್‌ಪುರದಲ್ಲಿ ಭಾರತ 105ಕ್ಕೆ ಮುಗ್ಗರಿಸಿಯೂ ಬಾಂಗ್ಲಾದೇಶವನ್ನು 58ಕ್ಕೆ ಕಟ್ಟಿಹಾಕಿತ್ತು. ಸ್ಟುವರ್ಟ್‌ ನಾಲ್ಕೇ ರನ್‌ ಕೊಟ್ಟು ಆರು ವಿಕೆಟ್‌ ಪಡೆದಿದ್ದರು. ಶಮಿ 2023ರಲ್ಲಿ ಏಳು ವಿಕೆಟ್‌ ಕೀಳುವವರೆಗೂ ಏಕದಿನದಲ್ಲಿ ಭಾರತೀಯರ ಅತ್ಯುತ್ತಮ ಬೌಲಿಂಗ್‌ ಅದೇ. ಹುಡುಗ ಗೊಣಗುತ್ತಲೇ ಶೀರ್ಷಿಕೆ ಬದಲಿಸಿದ. ರೋಜರ್‌, ತಮ್ಮ 1983ರ ವಿಶ್ವಕಪ್‌ನ 18 ವಿಕೆಟ್‌ಗಳ ಸಮೇತ, ಮೂರನೇ ಪ್ಯಾರಾಕ್ಕೆ ಇಳಿದರು.